ಮರಳು ಹಾದಿಯ ಚಾರಣಕ್ಕೆ ಪಾದರಕ್ಷೆಯನ್ನು ಆರಿಸುವ ಬಗೆ

ಚಾರಣದ ಶೂ ಕೊಳ್ಳುವಾಗ ಹೆಚ್ಚಿನವರು ಮೊದಲು ಅದನ್ನು ಮಗುಚಿ ಸೋಲ್‌ನ ಹಲ್ಲುಗಳನ್ನು ನೋಡುತ್ತಾರೆ. ಕಲ್ಲು, ಕೆಸರಿನ ದಾರಿಗೆ ಈ ಪರೀಕ್ಷೆ ಸರಿಯೇ. ಆದರೆ ಸಡಿಲ ಮರಳಿನಲ್ಲಿ ಹಲ್ಲು ಕಚ್ಚಿಕೊಳ್ಳಬೇಕಾದ ನೆಲವೇ ಕಾಲಡಿಯಿಂದ ಸರಿಯುವುದರಿಂದ ಅವುಗಳ ಆಳದಿಂದ ಹೆಚ್ಚಿನ ಲಾಭವಿಲ್ಲ. ಅಲ್ಲಿ ನೆರವಾಗುವುದು ಮೈಭಾರವನ್ನು ಹೆಚ್ಚು ಜಾಗಕ್ಕೆ ಹಂಚುವ ಅಗಲವಾದ ಸೋಲ್ ಮತ್ತು ಶೂವಿನ ಹಗುರತನ. ಮೆದು ಮರಳಿನ ನಡಿಗೆ ಗಟ್ಟಿ ನೆಲದ ನಡಿಗೆಗಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿಯನ್ನು ಬೇಡುತ್ತದೆಯಾದ್ದರಿಂದ ಭಾರದ ಬೂಟು ಬಹುಬೇಗ ಹೊರೆಯಾಗುತ್ತದೆ.

ನಿಜವಾಗಿ ಪರೀಕ್ಷಿಸಬೇಕಾದುದು ಶೂವಿನ ಮೇಲ್ಭಾಗವನ್ನು. ಮರಳಿನ ಕಣಗಳು ಸುಮಾರು 0.06 ಮಿಲಿಮೀಟರ್‌ನಿಂದ 2 ಮಿಲಿಮೀಟರ್‌ವರೆಗೆ ಇರುತ್ತವೆ. ಓಟದ ಶೂಗಳ ತೆಳು ಜಾಲರಿ ಬಟ್ಟೆ ದಪ್ಪ ಕಣಗಳನ್ನು ತಡೆದರೂ ನುಣ್ಣನೆಯ ಮರಳನ್ನು ತಡೆಯಲಾರದು. ಶೂವನ್ನು ಬೆಳಕಿಗೆ ಹಿಡಿದು, ಒಳಗಿನಿಂದ ನೋಡಿದಾಗ ಜಾಲರಿಯ ಮೂಲಕ ಬೆಳಕು ಧಾರಾಳವಾಗಿ ಕಂಡರೆ ಮರಳಿಗೂ ಅದೇ ದಾರಿ ಎಂದು ತಿಳಿಯಬಹುದು. ನೇಯ್ಗೆ ಒತ್ತಾಗಿರುವ ಬಟ್ಟೆಯ ಅಥವಾ ತೆಳುವಾದ ಸ್ವೀಡ್ ಚರ್ಮದ ಮೇಲ್ಭಾಗವೂ, ಎರಡೂ ಬದಿಗೆ ಸೇರಿಸಿ ಹೊಲಿದ ನಾಲಿಗೆಯೂ ಇರುವ ಶೂ ಉತ್ತಮ. ಮರಳು ಬಾರದಿರಲೆಂದು ನೀರು ನಿರೋಧಕ ಪೊರೆಯುಳ್ಳ ಶೂ ಕೊಳ್ಳುವವರೂ ಇದ್ದಾರೆ. ಬಿಸಿಲಿನ ಒಣ ಮರಳಿಗೆ ನಾನು ಅದನ್ನು ಸೂಚಿಸುವುದಿಲ್ಲ: ಪೊರೆಯೊಳಗೆ ಬೆವರು ನಿಂತು ಚರ್ಮ ಮೆತ್ತಗಾಗುತ್ತದೆ, ಆಮೇಲೆ ಶೂವಿನ ಬಾಯಿಯಿಂದ ಒಳಬಂದ ಒಂದಿಷ್ಟು ಮರಳು ಉಪ್ಪುಕಾಗದದಂತೆ ಉಜ್ಜಿ ಬೊಕ್ಕೆ ಎಬ್ಬಿಸುತ್ತದೆ.

ಶೂ ಎಷ್ಟೇ ಬಿಗಿಯಾಗಿದ್ದರೂ ಕಣಕಾಲಿನ ಬಳಿಯ ಬಾಯಿ ತೆರೆದೇ ಇರುವುದರಿಂದ ಗೇಟರ್ ಎಂಬ ಬಟ್ಟೆಯ ಕವಚ ಬೇಕಾಗುತ್ತದೆ. ಮೊರಾಕೊದ ಸಹಾರಾದಲ್ಲಿ 1986ರಿಂದ ನಡೆಯುತ್ತಿರುವ ಮ್ಯಾರಥಾನ್ ದೆ ಸಾಬ್ಲ್ ಓಟದಲ್ಲಿ ಹಲವರು ಶೂವಿನ ಅಂಚಿನ ಸುತ್ತಲೂ ವೆಲ್ಕ್ರೊ ಪಟ್ಟಿಯನ್ನು ಹೊಲಿಸಿ, ಇಡೀ ಮೇಲ್ಭಾಗವನ್ನು ಮುಚ್ಚುವ ಗೇಟರನ್ನು ಅದಕ್ಕೆ ಅಂಟಿಸಿಕೊಳ್ಳುತ್ತಾರೆ. ಬರಿಯ ಗೋಂದನ್ನು ನೆಚ್ಚಬಾರದು. ಬಿಸಿಗೆ ಅದು ಬಿಟ್ಟುಕೊಳ್ಳಬಹುದು. ಅರ್ಧ ದಿನದ ನಡಿಗೆಗೆ ಇಷ್ಟೆಲ್ಲ ಬೇಡ, ಕಣಕಾಲನ್ನು ಮುಚ್ಚುವ ಗಿಡ್ಡ ಗೇಟರ್ ಸಾಕು.

ಸ್ಯಾಂಡಲ್‌ನ ತರ್ಕ ಇದಕ್ಕೆ ತದ್ವಿರುದ್ಧ: ಮರಳು ಬಂದಷ್ಟೇ ಸುಲಭವಾಗಿ ಹೊರಹೋಗುತ್ತದೆ. ಅಲೆ ಹಿಂಜರಿದ ಮೇಲೆ ಗಟ್ಟಿಯಾಗಿ ಉಳಿಯುವ ಒದ್ದೆ ಮರಳಿನಲ್ಲಿ ಅದು ಹಿತಕರ. ಆದರೆ ನಡು ಹಗಲಿನ ಒಣ ಮರಳು ಚರ್ಮ ಸುಡುವಷ್ಟು ಕಾಯುತ್ತದೆ. ಮುಳ್ಳುಗಿಡಗಳಿದ್ದರಂತೂ ಮುಚ್ಚಿದ ಶೂವೇ ಸರಿ. ದೂರದ ನಡಿಗೆಯಲ್ಲಿ ಸ್ಯಾಂಡಲ್ ಪಟ್ಟಿಯ ಅಡಿಯಲ್ಲಿ ಸಿಕ್ಕ ಕಣಗಳೂ ಚರ್ಮವನ್ನು ಕೆರೆಯುತ್ತವೆ.

ಶಾಖಕ್ಕೆ ಪಾದ ಊದಿಕೊಳ್ಳುವ ಕಾರಣ ಶೂವನ್ನು ಸಂಜೆಯ ಹೊತ್ತಿನಲ್ಲಿ, ಚಾರಣಕ್ಕೆ ಬಳಸುವ ಕಾಲುಚೀಲವನ್ನೇ ಹಾಕಿಕೊಂಡು ಅಳತೆ ನೋಡಬೇಕು. ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ, ಹಿಮ್ಮಡಿ ಮಾತ್ರ ಅಲುಗಬಾರದು. ಹತ್ತಿಯ ಕಾಲುಚೀಲ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುವುದರಿಂದ ಒತ್ತಾಗಿ ಹೆಣೆದ ಮೆರಿನೊ ಉಣ್ಣೆಯದನ್ನೋ ಸಿಂಥೆಟಿಕ್ ನೂಲಿನದನ್ನೋ ಆರಿಸಬೇಕು. ಒಳ ಅಟ್ಟೆ ಹೊರತೆಗೆಯಲು ಬರುವಂತಿದೆಯೇ ಎಂಬುದನ್ನೂ ಅಂಗಡಿಯಲ್ಲೇ ನೋಡಿಕೊಳ್ಳುವುದು ಒಳ್ಳೆಯದು. ಶೂವನ್ನು ಎಷ್ಟು ಕೊಡವಿದರೂ ಹೋಗದ ಮರಳು ಸಾಮಾನ್ಯವಾಗಿ ಈ ಅಟ್ಟೆಯ ಅಡಿಯಲ್ಲಿ ಕೂತಿರುತ್ತದೆ.