ಸುತ್ತುಜಗಲಿಯ ಲೆಕ್ಕ ಶುರುವಾಗುವುದು ಮಾಡಿನಿಂದ

ಮನೆಯ ಮೂರು ಬದಿಗೂ ಸುತ್ತಿಬರುವ ಜಗಲಿ ಕಟ್ಟಿಸಬೇಕೆಂದು ನಿಶ್ಚಯವಾದ ಮೇಲೆ ನಾನು ಮೊದಲು ಬರೆದದ್ದು ನೆಲದ ನಕ್ಷೆಯನ್ನಲ್ಲ, ಅಡ್ಡಸೀಳಿನ ಚಿತ್ರವನ್ನು, ಎಂದರೆ ಜಗಲಿಯನ್ನು ಅಡ್ಡಕ್ಕೆ ಕೊಯ್ದು ಪಕ್ಕದಿಂದ ನೋಡಿದಂಥ ಚಿತ್ರವನ್ನು. ಗೋಡೆ, ಮಾಡು (ಚಾವಣಿ) ಗೋಡೆಗೆ ಸೇರುವ ಗೆರೆ, ಹೊರಗಿನ ತೊಲೆ, ಕಂಬ, ನೆಲ, ಇಷ್ಟೇ. ಜಗಲಿಯ ಅಗಲ ಎಷ್ಟಿರಬೇಕು, ಹಂಚೋ ಶೀಟೋ, ಕಂಬ ಎಷ್ಟು ಎತ್ತರ ಅನ್ನುವುದೆಲ್ಲ ಈ ಒಂದು ಚಿತ್ರದಲ್ಲೇ ತೀರ್ಮಾನವಾಗುತ್ತದೆ.

ನಮ್ಮದು ಎರಡಂತಸ್ತಿನ ಮನೆ. ಮಾಡು ಮೇಲಂತಸ್ತಿನ ಕಿಟಕಿಗಳ ಕೆಳಗೇ ಗೋಡೆಗೆ ಸೇರಬೇಕು. ಆ ಸಂದಿಯಲ್ಲಿ ನೀರು ಇಳಿಯದಂತೆ ಹೊದಿಸುವ ತಗಡಿನ ಪಟ್ಟಿಗೂ ಜಾಗ ಬಿಟ್ಟು ನೋಡಿದರೆ ಸಿಕ್ಕಿದ್ದು ಜಗಲಿಯ ನೆಲದಿಂದ 10.5 ಅಡಿ. ಅಗಲ 8 ಅಡಿ ಬೇಕೇಬೇಕು ಎಂದು ನಾನು ಪಟ್ಟು ಹಿಡಿದಿದ್ದೆ. 6 ಅಡಿಯ ಜಗಲಿಯಲ್ಲಿ ಕುರ್ಚಿ ಹಾಕಿ ಕಾಲು ಚಾಚಿದರೆ ದಾಟಿಹೋಗುವವರಿಗೆ ದಾರಿಯೇ ಉಳಿಯುವುದಿಲ್ಲ. ಈಗ ಇಳಿಜಾರಿನ ಲೆಕ್ಕ. ಹಂಚು ಹೊದಿಸಲು 2 ಅಡಿಗೆ 1 ಅಡಿಯಂತೆ ಇಳಿಸಿದರೆ 8 ಅಡಿಗೆ 4 ಅಡಿ ಇಳಿದು, ತೊಲೆಯ ಹತ್ತಿರ ಉಳಿಯುವುದು 6.5 ಅಡಿ. ಅದರಾಚೆ ಚಾಚುವ ಸೂರು ಇನ್ನೂ ಕೆಳಗೆ, ತಲೆಗೇ ಬಡಿಯುತ್ತದೆ. ಶೀಟಿಗಾದರೆ 4 ಅಡಿಗೆ 1 ಅಡಿ ಇಳಿಜಾರು ಸಾಕು. ತೊಲೆಯ ಬಳಿ 8.5 ಅಡಿ, 2 ಅಡಿ ಸೂರು ಚಾಚಿದರೂ ಅಂಚಿನಲ್ಲಿ 8 ಅಡಿ. ಹಂಚಿನ ಮೇಲೆ ನನಗೆ ಆಸೆ ಇತ್ತು, ಆದರೆ ಅಗಲ ಬಿಡಲು ಮನಸ್ಸಾಗಲಿಲ್ಲ.

ಬರೀ ಮುಂಭಾಗದ ಜಗಲಿಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಸುತ್ತುಜಗಲಿಯ ಕಷ್ಟವೆಲ್ಲ ಮೂಲೆಯಲ್ಲಿದೆ. ಎರಡು ಬದಿಯ ಮಾಡುಗಳು ಕೂಡುವಲ್ಲಿ ಮನೆಯ ಮೂಲೆಯಿಂದ ಜಗಲಿಯ ಮೂಲೆಗಂಬಕ್ಕೆ ಓರೆಯಾಗಿ ಒಂದು ದಪ್ಪ ಪಕ್ಕಾಸು (ಮಾಡು ಹೊರುವ ಇಳಿಜಾರು ಮರ) ಹೋಗುತ್ತದೆ. ಮಿಕ್ಕ ಪಕ್ಕಾಸುಗಳು ಗೋಡೆಯಿಂದ ತೊಲೆಗೆ 8.25 ಅಡಿ ಇದ್ದರೆ ಇದು 11.5 ಅಡಿ. ಎರಡೂ ಕಡೆಯಿಂದ ಬಂದು ತನಗೆ ಸೇರುವ ತುಂಡು ಪಕ್ಕಾಸುಗಳ ಭಾರ ಹೊರುವುದರಿಂದ ಇದರ ಗಾತ್ರವನ್ನೂ, ಮೂಲೆಗಂಬದ ಅಡಿಪಾಯವನ್ನೂ ಇಂಜಿನಿಯರ್ ಹತ್ತಿರ ಬೇರೆಯಾಗಿಯೇ ಲೆಕ್ಕ ಹಾಕಿಸಿದೆ.

ಓಡಾಟಕ್ಕಷ್ಟೇ ಇರುವ ಪಕ್ಕದ ಬದಿಗೆ 6 ಅಡಿ ಸಾಕಲ್ಲ ಎಂದು ಮನೆಯವರು ಕೇಳಿದರು. ಗೋಡೆಯ ಮೇಲಿನ ಗೆರೆ ಒಂದೇ, ಇಳಿಜಾರೂ ಒಂದೇ ಎಂದಾದರೆ 6 ಅಡಿಯ ಬದಿ ಇಳಿಯುವುದು ಒಂದೂವರೆ ಅಡಿ ಮಾತ್ರ. ಅಲ್ಲಿಯ ತೊಲೆ ಮುಂದಿನ ತೊಲೆಗಿಂತ ಅರ್ಧ ಅಡಿ ಮೇಲೆ ನಿಲ್ಲುತ್ತದೆ. ಸೂರಿನ ಅಂಚುಗಳು ಮೂಲೆಯಲ್ಲಿ ಸೇರುವುದಿಲ್ಲ, ಅಂಚಿನುದ್ದಕ್ಕೂ ಮಳೆನೀರು ಹಿಡಿಯುವ ದೋಣಿಯೂ ಸೇರುವುದಿಲ್ಲ. ಅಂಚು ಸಮ ಮಾಡಲು ಹೋದರೆ ಆ ಬದಿಯ ಇಳಿಜಾರು ಕಡಿದಾಗಿ ಮೂಲೆಯ ಪಕ್ಕಾಸು 45 ಡಿಗ್ರಿ ಬಿಟ್ಟು ವಾಲುತ್ತದೆ, ಪ್ರತಿ ತುಂಡಿಗೂ ಬೇರೆ ಬೇರೆ ಕೋನ ಕೊಯ್ಯಬೇಕಾಗುತ್ತದೆ. ಇದನ್ನು ಕಾಗದದ ಮೇಲೆ ತೋರಿಸಿದ ಮೇಲೆ ಮೂರೂ ಬದಿಗೆ 8 ಅಡಿ ಎಂದೇ ಆಯಿತು.

ಒಳಕೋಣೆಗಳ ಬೆಳಕಿನ ಚಿಂತೆ ನನ್ನನ್ನು ಬಹಳ ಕಾಡಿತ್ತು. ಅದಕ್ಕೆ ಸೂರಿನ ಅಂಚು ಬರುವ ಎತ್ತರಕ್ಕೆ ಬೊಂಬುಗಳನ್ನು ನೆಟ್ಟು, ಅಲ್ಲಿಂದ ಗೋಡೆಯವರೆಗೆ ಟಾರ್ಪಾಲು ಕಟ್ಟಿಸಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಳಗೆ ಕೂತು ಓದಿ ನೋಡಿದೆವು. ಹಜಾರ ಪರವಾಗಿಲ್ಲ, ಅಡುಗೆಮನೆ ಮಾತ್ರ ಹಗಲಲ್ಲೇ ದೀಪ ಹಾಕುವಂತಾಯಿತು. ಅದರ ಕಿಟಕಿಯ ನೇರಕ್ಕೆ ಎರಡು ಅಂಕಣದಷ್ಟು (ಕಂಬದಿಂದ ಕಂಬಕ್ಕೆ ಒಂದು ಅಂಕಣ) ಹಾಲುಬಣ್ಣದ ಪಾಲಿಕಾರ್ಬೊನೇಟ್ ಶೀಟು ಹಾಕಲು ನಿರ್ಧರಿಸಿದೆ. ಜಗಲಿ ಕಟ್ಟಿಸುವ ಯಾರೇ ಆಗಲಿ ಈ ಟಾರ್ಪಾಲಿನ ಪರೀಕ್ಷೆ ಮಾಡಿಯೇ ಮುಂದುವರಿಯಲಿ ಎಂಬುದು ನನ್ನ ಕಳಕಳಿ. ಕತ್ತಲಾದ ಕೋಣೆಗೆ ಆಮೇಲೆ ಮದ್ದಿಲ್ಲ.

ಮಾಡು ಗೋಡೆಗೆ ಸೇರುವಲ್ಲಿ ಬರೀ ಸಿಮೆಂಟು ಮೆತ್ತಲು ನಾನು ಒಪ್ಪಲಿಲ್ಲ. ಬಿಸಿಲಿಗೆ ಶೀಟು ಹಿಗ್ಗಿ ಕುಗ್ಗುತ್ತದೆ, ಸಿಮೆಂಟು ಬಿರಿಯುತ್ತದೆ, ಅಲ್ಲಿಂದಲೇ ಸೋರುವಿಕೆ. ಗೋಡೆಯಲ್ಲಿ ಒಂದಿಂಚು ಆಳಕ್ಕೆ ಉದ್ದನೆಯ ಸೀಳು ಕೊಯ್ಸಿ, ತಗಡಿನ ಪಟ್ಟಿಯ ಮೇಲಂಚನ್ನು ಅದರೊಳಗೆ ಮಡಚಿ ಸೇರಿಸಿ, ಕೆಳಗಿನ ಅಂಚು ಶೀಟಿನ ಮೇಲೆ 6 ಇಂಚು ಬರುವಂತೆ ಇಳಿಬಿಟ್ಟೆವು.

ಕಂಬಗಳ ಜಾಗವನ್ನು ಒಳಗಿನಿಂದ ಗುರುತು ಮಾಡಿದೆ. ಪ್ರತಿ ಕಿಟಕಿಯ ಮುಂದೆ ನಿಂತು, ನೋಟಕ್ಕೆ ಅಡ್ಡ ಬರದಂತೆ 8ರಿಂದ 9 ಅಡಿಯ ಅಂತರದಲ್ಲಿ. ಮರದ ಕಂಬದ ಬುಡ ನೆಲದ ನೀರು ಮುಟ್ಟದಂತೆ ಕಲ್ಲಿನ ಮೇಲೆ ನಿಂತಿದೆ. ಸುತ್ತ ತೆರೆದಿರುವ ಮಾಡನ್ನು ಗಾಳಿ ಕೆಳಗಿನಿಂದ ಎತ್ತುವುದರಿಂದ ಕಲ್ಲು, ಕಂಬ, ತೊಲೆ, ಪಕ್ಕಾಸು ಇವನ್ನೆಲ್ಲ ಕಬ್ಬಿಣದ ಪಟ್ಟಿಯಿಂದ ಬಿಗಿಸಿದ್ದೇವೆ. ನೆಲ ಮನೆಯ ನೆಲಕ್ಕಿಂತ 4 ಇಂಚು ತಗ್ಗು, ಹೊರಗಡೆಗೆ ಒಂದಿಂಚು ಇಳುಕಲು.

ಸಂಜೆಯ ಪಡುವಣ ಬಿಸಿಲನ್ನು ಮಾತ್ರ ಯಾವ ಮಾಡೂ ತಡೆಯದು, ಅದು ಸೂರಿನ ಕೆಳಗಿನಿಂದ ಅಡ್ಡಡ್ಡ ನುಗ್ಗುತ್ತದೆ. ಸುತ್ತಿ ಎತ್ತುವ ಬಿದಿರಿನ ಪರದೆ ಬೇಕಾದೀತೆಂದು, ಆ ಬದಿಯ ತೊಲೆಗೆ ಬಣ್ಣ ಬಳಿಯುವ ಮೊದಲೇ ಕೊಕ್ಕೆಗಳನ್ನು ಹೊಡೆಸಿಟ್ಟೆ.