ಧರೆ ಜರಿಯುವ ಮೊದಲೇ ಮನೆ ಬಿಡುವುದು ಹೇಗೆ?

ಚಂಡಮಾರುತವೆಲ್ಲ ಕರಾವಳಿಯವರಿಗೆ, ನಮಗೇನು ಎಂದು ಮಲೆನಾಡಿನವರು ಸುಮ್ನೆ ಕೂರುವಂತಿಲ್ಲ. ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ಗಾಳಿಗಿಂತ ಮನೆ ಹಿಂದಿನ ಧರೆಯದೇ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆಯದೇ, ಭಯ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಜರಿದು ಮನೆ, ಕಾಫಿ ತೋಟ ಮಣ್ಣುಪಾಲಾಗಿದ್ದು ಆಶ್ಲೇಷ ಮಳೆಯಲ್ಲೇ.

ಮಳೆ ಹಿಡಿಯುವ ಮೊದಲೇ ಮನೆಯ ಸುತ್ತ ಒಂದು ಸುತ್ತು ಹಾಕಿ. ಧರೆಯ ಮೇಲಿನ ಚರಂಡಿ ಬಿಡಿಸಿ, ನೀರು ಪಕ್ಕಕ್ಕೆ ಹರಿಯಲಿ. ಬಿರುಕು ಕಂಡರೆ ಜೇಡಿಮಣ್ಣು ತುಂಬಿ, ಮೇಲೆ ಟಾರ್ಪಾಲ್ ಹೊದೆಸಿ. ಬಿರುಕಿಗೆ ನೀರು ಇಳಿಯಬಾರದು, ಅಷ್ಟೇ.

‘ಅಜ್ಜನ ಕಾಲದಿಂದ ಇದೇ ಮನೆ, ಏನೂ ಆಗಿಲ್ಲ’ ಎನ್ನುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಅಜ್ಜನ ಕಾಲದಲ್ಲಿ ಜೆಸಿಬಿ ಇರಲಿಲ್ಲ ಅಲ್ವಾ? ಅಂಗಳ ದೊಡ್ಡದು ಮಾಡಲು, ಕಾರು ಬರಲು ಅಂತ ನೆಟ್ಟಗೆ ಕಡಿದ ಮೇಲೆ ಅದು ಆಗಿನ ಗುಡ್ಡವಲ್ಲ. ಇದನ್ನು ಬಿಸಿಲಿರುವಾಗಲೇ ಮಾತಾಡಿ ಒಪ್ಪಿಸಿ. ಮಳೆಯಲ್ಲಿ ನಿಂತು ವಾದ ಮಾಡಲು ಆಗುವುದಿಲ್ಲ.

24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಜಾಸ್ತಿ ಮಳೆಯ ಸಂಭವವಿದ್ದರೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುತ್ತದೆ. ಅದಕ್ಕಾಗಿಯೇ ಕಾಯಬೇಡಿ. ನಾಲ್ಕೈದು ದಿನ ಬಿಡದೆ ಸುರಿದು ಮಣ್ಣು ನೀರು ಕುಡಿದಿದ್ದರೆ ಅದಕ್ಕಿಂತ ಒಂದು ಹಂತ ಕೆಳಗಿನ ಆರೆಂಜ್ ಅಲರ್ಟೇ ಸಾಕು, ಹೊರಡಿ. ಗೋಡೆಯಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ವಾಲಿದ ಮರ, ತಿಳಿಯಾಗಿದ್ದ ಒರತೆಯಲ್ಲಿ ಕೆಂಪು ನೀರು: ಇವುಗಳಲ್ಲಿ ಒಂದು ಕಂಡರೂ ಹೊರಡಿ. ಮಳೆ ಹೊಯ್ಯುತ್ತಲೇ ಇದ್ದು ಹಳ್ಳದ ನೀರು ಮಾತ್ರ ಇಳಿದರೆ, ಮೇಲೆಲ್ಲೋ ಮಣ್ಣು ಅಡ್ಡ ಬಿದ್ದಿರಬಹುದು. ಹಳ್ಳದ ದಾರಿ ಬಿಟ್ಟು ಕೂಡಲೇ ಪಕ್ಕದ ಎತ್ತರದ ಜಾಗಕ್ಕೆ ಹೋಗಿ.

ಪಹಣಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಒಂದು ಪ್ಲಾಸ್ಟಿಕ್ ಕವರಿನಲ್ಲಿರಲಿ. ಬಿಪಿ, ಶುಗರ್ ಮಾತ್ರೆ ವಾರಕ್ಕಾಗುವಷ್ಟು. ಟಾರ್ಚ್, ಪವರ್ ಬ್ಯಾಂಕ್, ಸ್ವಲ್ಪ ಚಿಲ್ಲರೆ ದುಡ್ಡು. ಕರೆಂಟ್ ಹೋದರೆ ಟವರೂ ಹೋಗುತ್ತದೆ, ಫೋನ್‌ಪೇ ನಂಬಬೇಡಿ. ಮನೆ, ಕೊಟ್ಟಿಗೆ, ತೋಟದ ಫೋಟೊ ತೆಗೆದಿಡಿ. ಮುಂದೆ ಪರಿಹಾರಕ್ಕೆ ಮಹಜರು ನಡೆದಾಗ ಕೆಲಸಕ್ಕೆ ಬರುತ್ತದೆ.

ಹಸುಗಳನ್ನು ಒಂದು ದಿನ ಮುಂಚೆ ನೆಂಟರ ಕೊಟ್ಟಿಗೆಗೆ ಹೊಡೆದರೆ ಒಳ್ಳೆಯದು. ಆಗದಿದ್ದರೆ ಹೊರಡುವಾಗ ಕಣ್ಣಿ ಬಿಚ್ಚಿ, ನಾಯಿಯ ಸರಪಳಿಯನ್ನೂ. ತೋಟದ ಲೈನ್ ಮನೆಯಲ್ಲಿರುವ (ಕೆಲಸದವರ ಸಾಲು ಮನೆ) ಕೆಲಸದವರಿಗೆ ತಿಳಿಸದೆ ಹೊರಡಬೇಡಿ. ಎಷ್ಟೋ ಲೈನ್ ಮನೆಗಳು ಧರೆಯ ಬುಡದಲ್ಲೇ ಇರುತ್ತವೆ.

ಬೆಳಕಿರುವಾಗಲೇ ಮನೆ ಬಿಡಿ. ಮೇನ್ ಸ್ವಿಚ್, ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ. ಚಾರ್ಮಾಡಿ, ಶಿರಾಡಿ ಘಾಟಿ ಇಳಿದು ಹೋಗುವ ಯೋಚನೆ ಬೇಡ. ಮಣ್ಣು ಮೊದಲು ಬೀಳುವುದೇ ಅಲ್ಲಿ. ಭದ್ರಾ ಉಕ್ಕಿದಾಗ ಕಳಸದ ಹೆಬ್ಬಾಳೆ ಸೇತುವೆ ಮುಳುಗುವುದೂ ಗೊತ್ತಿರುವ ವಿಷಯವೇ. ನೆಂಟರ ಮನೆ ದೂರವಾದರೆ ಕಾಳಜಿ ಕೇಂದ್ರ (ಸರ್ಕಾರದ ತಾತ್ಕಾಲಿಕ ಆಶ್ರಯ) ಎಲ್ಲಿ ತೆರೆದಿದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಜಿಲ್ಲಾ ಸಹಾಯವಾಣಿ 1077, ತುರ್ತಿಗೆ 112.

ಮಳೆ ನಿಂತ ಮರುದಿನವೇ ವಾಪಸ್ ಓಡಬೇಡಿ. ನೆಂದ ಧರೆ ಬಿಸಿಲು ಬಿದ್ದ ಮೇಲೂ ಜರಿಯುವುದುಂಟು. ಅಧಿಕಾರಿಗಳು ನೋಡಿ ಹೇಳಿದ ಮೇಲೆ ಹೋಗಿ, ವೈರಿಂಗ್ ಪರೀಕ್ಷೆ ಮಾಡಿಸಿಯೇ ಮೇನ್ ಹಾಕಿ.