ವೆಂಟಿಲೇಟರ್ ಬಿಡಿಸುವ ದಿನ ನರ್ಸ್ ಎಲ್ಲಿ ನೋಡಬೇಕು?

ಐಸಿಯು ಬಾಗಿಲ ಮುಂದೆ ಕಾಯುವ ಮನೆಯವರು ದಿನಕ್ಕೆ ಹತ್ತು ಸಲ ಕೇಳುವುದು ಒಂದೇ ಪ್ರಶ್ನೆ. ‘ಸಿಸ್ಟರ್, ಪೈಪ್ ಯಾವಾಗ ತೆಗೀತಾರೆ?’ ವೆಂಟಿಲೇಟರ್ ಸ್ವಿಚ್ ಆರಿಸಿ ಗಂಟಲಿಗೆ ಇಳಿಸಿದ ಪೈಪ್ ಎಳೆದರೆ ಮುಗಿಯಿತು ಅಂತ ಅವರ ಲೆಕ್ಕ. ಪೈಪ್ ತೆಗೆಯಲು ಒಂದು ನಿಮಿಷವೂ ಬೇಡ, ನಿಜ. ಆದರೆ ಆ ಒಂದು ನಿಮಿಷಕ್ಕೆ ರೋಗಿಯನ್ನು ಸಿದ್ಧ ಮಾಡಲು ದಿನಗಟ್ಟಲೆ ಬೇಕು. ಅದರಲ್ಲಿ ಮುಕ್ಕಾಲು ಪಾಲು ಮಂಚದ ಪಕ್ಕ ನಿಂತ ನರ್ಸ್ ಕೆಲಸ.

ಮೆಷಿನ್ನಿನ ಉಸಿರಿನಿಂದ ಹೀಗೆ ಬಿಡಿಸುವುದಕ್ಕೆ ನಾವು ವೀನಿಂಗ್ ಅನ್ನುತ್ತೇವೆ. ಮಗುವಿಗೆ ಹಾಲು ಬಿಡಿಸುವುದಕ್ಕೂ ಇದೇ ಮಾತು. ನಮ್ಮ ಕಡೆ ಬೇವಿನ ಸೊಪ್ಪು ಅರೆದು ಹಚ್ಚಿ ಹಾಲು ಬಿಡಿಸುತ್ತಿದ್ದರು. ಇಲ್ಲಿ ಅಂಥ ಒಂದೇ ಏಟಿನ ಉಪಾಯ ಇಲ್ಲ. ಐಸಿಯುಗೆ ಹೊಸದಾಗಿ ಬಂದ ನರ್ಸ್‌ಗಳಿಗೆ ನಾನು ಹೇಳಿಕೊಡುವುದನ್ನೇ ಇಲ್ಲಿ ಬರೆದಿದ್ದೇನೆ. ಮನೆಯವರೂ ಓದಬಹುದು, ಒಳಗೆ ಏನು ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಪೈಪ್ ತೆಗೆಯುವ ತೀರ್ಮಾನ ಮಾತ್ರ ಯಾವತ್ತೂ ಡಾಕ್ಟರದು.

ಒಬ್ಬ ರೋಗಿಯನ್ನು ಇಟ್ಟುಕೊಂಡೇ ಹೇಳುತ್ತೇನೆ. ಹೊಲದ ಶೆಡ್ಡಿನಲ್ಲಿ ನೆಲದ ಮೇಲೆ ಮಲಗಿದ್ದ ರೈತರು. ರಾತ್ರಿ ಕಟ್ಟು ಹಾವು ಕಚ್ಚಿತ್ತು. ಈ ಹಾವು ಕಚ್ಚಿದರೆ ನೋವು, ಊತ ಅಷ್ಟಾಗಿ ಇರುವುದಿಲ್ಲ. ಎಷ್ಟೋ ಜನಕ್ಕೆ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಮೊದಲು ರೆಪ್ಪೆ ಜೋತು ಬೀಳುತ್ತದೆ, ನಾಲಿಗೆ ತೊದಲುತ್ತದೆ, ಆಮೇಲೆ ಉಸಿರಾಡುವ ಸ್ನಾಯುಗಳೇ ಕೈಕೊಡುತ್ತವೆ. ವಿಷ ನರದ ತುದಿಯನ್ನೇ ಹಾಳು ಮಾಡಿರುತ್ತದೆ. ಒಮ್ಮೆ ಹಾಗಾದರೆ ಆಂಟಿವೆನಮ್ ಕೊಟ್ಟ ತಕ್ಷಣ ಸರಿಹೋಗುವುದಿಲ್ಲ, ಆ ತುದಿ ಮತ್ತೆ ಚಿಗುರಬೇಕು. ಅಲ್ಲಿಯವರೆಗೆ ಮೆಷಿನ್ ಉಸಿರಾಡಿಸುತ್ತದೆ. ಅವರಿಗೆ ಆರು ದಿನ ಬೇಕಾಯಿತು.

ಮೊದಲು ಮಾತಾಡಿಸಿ

ಕಟ್ಟು ಹಾವಿನ ರೋಗಿಗೆ ಕಣ್ಣು ಬಿಡಲು ಆಗುವುದಿಲ್ಲ, ಕೈಕಾಲು ಆಡುವುದಿಲ್ಲ. ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಕೂಡ ಕುಗ್ಗದೆ ಇರಬಹುದು. ನೋಡಿದವರು ‘ಹೋಗೇಬಿಟ್ರು’ ಅಂದುಕೊಳ್ಳುತ್ತಾರೆ. ಆದರೆ ಅವರಿಗೆ ಎಲ್ಲಾ ಕೇಳಿಸುತ್ತಿರಬಹುದು, ಎಲ್ಲಾ ಗೊತ್ತಾಗುತ್ತಿರಬಹುದು. ‘ಅಣ್ಣಾ, ಕೇಳ್ತಿದ್ರೆ ಕಾಲ್ಬೆರಳು ಅಲ್ಲಾಡಿಸಿ’ ಅಂದೆ. ಬಲಗಾಲಿನ ಹೆಬ್ಬೆರಳು ಕೂದಲೆಳೆಯಷ್ಟು ಅಲ್ಲಾಡಿತು. ಆವತ್ತಿನಿಂದ ಒಂದು ಸಲ ಅಂದರೆ ಹೌದು, ಎರಡು ಸಲ ಅಂದರೆ ಇಲ್ಲ. ಅವರ ಹೆಂಡತಿ ಬಂದಾಗ, ‘ಸುಮ್ನೆ ಅಳಬೇಡಿ, ಮನೆ ಸುದ್ದಿ ಹೇಳಿ’ ಅಂದೆ. ಅವರು ಗಬ್ಬದ ಎಮ್ಮೆಯ ಸುದ್ದಿ ಶುರು ಮಾಡಿದರು.

ಅಕ್ಷರದ ಹಲಗೆ ತೋರಿಸಿ ಬರೆಸಬಹುದು ಅಂತ ತರಗತಿಯಲ್ಲಿ ಕಲಿಸುತ್ತಾರೆ. ನಮ್ಮ ಕಾಗುಣಿತ, ಒತ್ತಕ್ಷರ ಇಟ್ಟುಕೊಂಡು ಅದು ಆಗದ ಮಾತು. ರೋಗಿ ‘ಬಾಯಾರಿಕೆ’ ಮುಗಿಸುವ ಹೊತ್ತಿಗೆ ಇನ್ನೂ ಸುಸ್ತಾಗಿರುತ್ತಾರೆ. ಚಿತ್ರದ ಕಾರ್ಡ್ ಸಾಕು. ನೋವು, ಕಫ, ಸೆಕೆ, ಬಾಯಿ ಒಣಗಿದೆ, ಹೆದರಿಕೆ, ಮನೆಯವರು. ಆರೇ ಕಾರ್ಡ್.

ಬೆಳಗಿನ ಲೆಕ್ಕ

ವೆಂಟಿಲೇಟರ್ ಮೇಲಿರುವ ಪ್ರತಿ ರೋಗಿಯನ್ನೂ ಪ್ರತಿ ಬೆಳಿಗ್ಗೆ ‘ಇವತ್ತು ಬಿಡಿಸಿ ನೋಡಬಹುದಾ?’ ಅಂತ ಪರೀಕ್ಷಿಸಬೇಕು. ನಾಳೆ ನೋಡೋಣ ಅನ್ನುವಂತಿಲ್ಲ, ಯಾಕೆಂದರೆ ಕೆಲಸ ಇಲ್ಲದ ಸ್ನಾಯು ಬೇಗ ಸೊರಗುತ್ತದೆ. ಪೂರ್ತಿ ಮೆಷಿನ್ನೇ ಉಸಿರಾಡಿಸುತ್ತಿದ್ದರೆ 18ರಿಂದ 69 ಗಂಟೆಯೊಳಗೇ ವಪೆಯ ಸ್ನಾಯುವಿನ ಎಳೆಗಳು ತೆಳುವಾಗುತ್ತವೆ ಅಂತ 2008ರ ಅಧ್ಯಯನವೊಂದು ತೋರಿಸಿತು. ಎದೆ ಮತ್ತು ಹೊಟ್ಟೆಯ ನಡುವಿನ ಈ ವಪೆಯೇ ಉಸಿರಾಟದ ಮುಖ್ಯ ಎತ್ತು. ಅದನ್ನು ಕೊಟ್ಟಿಗೆಯಲ್ಲೇ ಕಟ್ಟಿಹಾಕಿದರೆ ಉಳುವ ದಿನ ಕಾಲು ಮಡಚುತ್ತದೆ.

ನೋಡಬೇಕಾದ್ದು ಇಷ್ಟು. ವೆಂಟಿಲೇಟರಿಗೆ ಹಾಕಿಸಿದ ಕಾಯಿಲೆ ಇಳಿಮುಖವಾಗಿರಬೇಕು. ಆಕ್ಸಿಜನ್ 40ರಿಂದ 50 ಶೇಕಡಾ ಒಳಗೆ, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಮೆಷಿನ್ ಉಳಿಸುವ ಒತ್ತಡ) 5ರಿಂದ 8ರ ಒಳಗೆ ಇಟ್ಟರೂ ಸ್ಯಾಚುರೇಷನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 90 ದಾಟಿರಬೇಕು. ಬಿಪಿ ಏರಿಸುವ ಔಷಧಿ ಇಲ್ಲದೆ, ಅಥವಾ ತೀರಾ ಕಡಿಮೆ ಡೋಸಿನಲ್ಲಿ ಬಿಪಿ ನಿಲ್ಲಬೇಕು. ಪೊಟ್ಯಾಸಿಯಂ, ಮೆಗ್ನೀಸಿಯಂ, ಫಾಸ್ಫೇಟ್ ರಿಪೋರ್ಟ್ ತೆಗೆದು ನೋಡಿ. ಇವು ಕಡಿಮೆಯಿದ್ದರೆ ಸ್ನಾಯುವಿಗೆ ಬಲ ಬರುವುದಿಲ್ಲ. ಫಾಸ್ಫೇಟ್ ಕಡೆ ಯಾರೂ ತಲೆ ಹಾಕುವುದಿಲ್ಲ, ನೀವು ಹಾಕಿ.

ಆಮೇಲೆ ಮಂಪರು. ನಿದ್ದೆಯ ಇಂಜೆಕ್ಷನ್ ಓಡುತ್ತಿದ್ದರೆ ಡಾಕ್ಟರ್ ಆರ್ಡರ್ ಪ್ರಕಾರ ನಿಲ್ಲಿಸಿ ಎಚ್ಚರ ಮಾಡಿಸಬೇಕು. ಎಚ್ಚರ ಮಾಡಿಸುವುದು, ಸ್ವಂತ ಉಸಿರು ಪರೀಕ್ಷಿಸುವುದು, ಎರಡನ್ನೂ ಜೋಡಿಸಿದರೆ ರೋಗಿಗಳು ಬೇಗ ವೆಂಟಿಲೇಟರ್‌ನಿಂದ ಆಚೆ ಬರುತ್ತಾರೆ ಅಂತ 2008ರಲ್ಲೇ ಗೊತ್ತಾಗಿದೆ. ಎಚ್ಚರವಾಗುವ ಆ ಹೊತ್ತು ರೋಗಿಯನ್ನು ಬಿಟ್ಟು ಹೋಗಬೇಡಿ. ಬಾಯಲ್ಲಿ ಪೈಪ್ ಇದೆ ಅಂತ ಗೊತ್ತಾದ ಕ್ಷಣ ಕೈ ಅದರ ಮೇಲೆ ಹೋಗುತ್ತದೆ.

ಹಾವು ಕಡಿತದವರಿಗೆ ಇನ್ನೊಂದು ಪರೀಕ್ಷೆ ಇದೆ. ದಿಂಬಿನಿಂದ ತಲೆ ಎತ್ತಿ 5 ಸೆಕೆಂಡ್ ಹಿಡಿಯಬೇಕು. ನಮ್ಮ ರೈತರು ನಾಲ್ಕನೇ ದಿನ ತಲೆ ಎತ್ತಿದರು, ಎರಡು ಎಣಿಸುವಷ್ಟರಲ್ಲಿ ಬಿತ್ತು. ಆರನೇ ದಿನ ಏಳು ಎಣಿಸಿದೆ.

ಪರೀಕ್ಷೆಗೆ ಮುಂಚೆ

ಹಿಂದಿನ ರಾತ್ರಿ ರೋಗಿ ನಿದ್ದೆ ಮಾಡಿರಬೇಕು. ರಾತ್ರಿ ಎರಡು ಗಂಟೆಗೆ ಸ್ಪಂಜ್ ಬಾತ್ ಕೊಡುವ ಅಭ್ಯಾಸ ಕೆಲವು ವಾರ್ಡುಗಳಲ್ಲಿದೆ, ಬೆಳಗಿನ ಪಾಳಿಯವರಿಗೆ ಕೆಲಸ ಕಡಿಮೆಯಾಗಲಿ ಅಂತ. ದಯವಿಟ್ಟು ಬಿಡಿ.

ಮಂಚದ ತಲೆಭಾಗ 30ರಿಂದ 45 ಡಿಗ್ರಿ ಏರಿಸಿ. ಹೊಟ್ಟೆ ಉಬ್ಬಿದ್ದರೆ ವಪೆಗೆ ಕೆಳಗಿಳಿಯಲು ಜಾಗ ಇರುವುದಿಲ್ಲ, ಅದನ್ನು ಡಾಕ್ಟರಿಗೆ ಹೇಳಿ. ಕಫ ತೆಗೆಯುವಾಗ ಮೊದಲು ಅರ್ಧದಿಂದ ಒಂದು ನಿಮಿಷ ಪೂರ್ತಿ ಆಕ್ಸಿಜನ್ ಕೊಡಿ. ಪ್ರತಿ ಸಕ್ಷನ್ 15 ಸೆಕೆಂಡ್ ಮೀರಬಾರದು. ನಾನು ನನ್ನ ಉಸಿರನ್ನೂ ಹಿಡಿದುಕೊಳ್ಳುತ್ತೇನೆ, ನನಗೆ ಕಷ್ಟವಾದಾಗ ಅವರಿಗೂ ಸಾಕು ಅಂತ.

ಪೈಪಿನ ತುದಿಯ ಬಲೂನಿಗೆ ಕಫ್ ಅನ್ನುತ್ತೇವೆ. ಎದೆಯಲ್ಲಿರುವುದು ಕಫ. ‘ಕಫ್ ನೋಡಿದ್ಯಾ?’ ಅಂದರೆ ಹೊಸ ಹುಡುಗಿಯರು ಕಫ ಎಳೆಯುವ ಸಕ್ಷನ್ ಕ್ಯಾಥೆಟರ್ ತರುತ್ತಾರೆ. ಬಲೂನಿನ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿರಬೇಕು. ಬೆರಳಲ್ಲಿ ಒತ್ತಿ ನೋಡುವುದು ಲೆಕ್ಕಕ್ಕಿಲ್ಲ, ಮೀಟರ್ ಹಾಕಿ.

ಆ ಮೂವತ್ತು ನಿಮಿಷ

ಈಗ ರೋಗಿ ಸ್ವಂತವಾಗಿ ಉಸಿರಾಡುವ ಪರೀಕ್ಷೆ. ಎರಡು ದಾರಿ ಇವೆ. ಮೆಷಿನ್ ಜೋಡಿಸಿಯೇ ಅದರ ಸಹಾಯವನ್ನು 5ರಿಂದ 8ರ ಒತ್ತಡಕ್ಕೆ ಇಳಿಸುವುದು, ಇಲ್ಲವೇ ಮೆಷಿನ್ ಕಳಚಿ ಪೈಪಿಗೆ ಟಿ ಆಕಾರದ ಕೊಳವೆ, ಅಂದರೆ ಟಿ-ಪೀಸ್ ಹಾಕಿ ಬರೀ ಆಕ್ಸಿಜನ್ ಕೊಡುವುದು. ಸಾಮಾನ್ಯವಾಗಿ 30 ನಿಮಿಷ ಸಾಕು, ಕೆಲವರಿಗೆ 2 ಗಂಟೆವರೆಗೂ ನೋಡುತ್ತಾರೆ. ಮೆಷಿನ್ನಿನ ಸಹಾಯವನ್ನು ದಿನಾ ಒಂಚೂರು ಇಳಿಸುತ್ತಾ ಹೋಗುವ ಹಳೆಯ ಪದ್ಧತಿಗಿಂತ ದಿನಕ್ಕೊಂದು ಸಲ ಹೀಗೆ ಪರೀಕ್ಷಿಸುವುದೇ ವಾಸಿ ಅಂತ 1995ರಲ್ಲಿ ಸ್ಪೇನ್‌ನ ಡಾಕ್ಟರುಗಳು ತೋರಿಸಿದರು.

ಶುರುವಿನಲ್ಲೇ ಒಂದು ಸಣ್ಣ ಭಾಗಾಕಾರ ಮಾಡಿ. ನಿಮಿಷದ ಉಸಿರಿನ ಸಂಖ್ಯೆಯನ್ನು ಒಂದು ಉಸಿರಿನ ಗಾತ್ರದಿಂದ, ಲೀಟರ್ ಲೆಕ್ಕದಲ್ಲಿ, ಭಾಗಿಸಿ. ನಿಮಿಷಕ್ಕೆ 24 ಉಸಿರು, ಒಂದೊಂದೂ 400 ಮಿಲಿ ಅಂದರೆ 24 ಭಾಗಿಸು 0.4, ಉತ್ತರ 60. ಒಳ್ಳೆಯದು. 36 ಉಸಿರು, ಒಂದೊಂದೂ 250 ಮಿಲಿ ಅಂದರೆ 144. ನಾಯಿ ತೇಕಿದ ಹಾಗೆ. 105 ದಾಟಿದರೆ ಸೋಲುವ ಸಂಭವ ಜಾಸ್ತಿ.

ಆದರೆ ಅಂಕಿ ತಡವಾಗಿ ಮಾತಾಡುತ್ತದೆ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಬೇರೆ ಆಸ್ಪತ್ರೆಯಲ್ಲಿ, ಒಬ್ಬ ಅಜ್ಜನಿಗೆ ಟಿ-ಪೀಸ್ ಹಾಕಿದ್ದೆವು. ಸ್ಯಾಚುರೇಷನ್ 98 ತೋರಿಸುತ್ತಿತ್ತು. ಚೆನ್ನಾಗಿದ್ದಾರೆ ಅಂತ ಪಕ್ಕದ ಬೆಡ್ಡಿಗೆ ಡ್ರಿಪ್ ಬದಲಾಯಿಸಲು ಹೋದೆ. ಹತ್ತು ನಿಮಿಷ ಬಿಟ್ಟು ಬಂದೆ. 98 ಹಾಗೇ ಇತ್ತು. ಅಜ್ಜನ ಹಣೆ ಮೇಲೆ ಸಾಸಿವೆ ಕಾಳಿನಂಥ ಬೆವರು. ಹೊರಗಿನಿಂದ ಆಕ್ಸಿಜನ್ ಕೊಡುತ್ತಿದ್ದಾಗ ಸ್ಯಾಚುರೇಷನ್ ಬೇಗ ಬೀಳುವುದಿಲ್ಲ, ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಲೇ ಇರುತ್ತದೆ. ತಕ್ಷಣ ಮೆಷಿನ್ ಹಾಕಿದೆವು, ಉಳಿದರು. ಡ್ಯೂಟಿ ಡಾಕ್ಟರ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಕ್ಕೇ ಆ ಮೂವತ್ತು ನಿಮಿಷ ಸ್ಟೂಲ್ ಹಾಕಿಕೊಂಡು ಕೂರಿ. ಅಂಗಿ ಸರಿಸಿ ಹೊಟ್ಟೆ ನೋಡಿ. ಉಸಿರು ಎಳೆದಾಗ ಎದೆ, ಹೊಟ್ಟೆ ಎರಡೂ ಒಟ್ಟಿಗೆ ಏಳಬೇಕು. ಎದೆ ಏಳುವಾಗ ಹೊಟ್ಟೆ ಒಳಗೆ ಹೋಗುತ್ತಿದ್ದರೆ ವಪೆ ಸೋತಿದೆ ಅಂತ ಅರ್ಥ. ಕತ್ತಿನ ಪಕ್ಕದ ಸ್ನಾಯು ಹಗ್ಗದಂತೆ ಬಿಗಿಯುತ್ತಿದೆಯಾ? ಮೂಗಿನ ಹೊಳ್ಳೆ ಅರಳುತ್ತಿದೆಯಾ? ಇಷ್ಟು ಹೊತ್ತು ನಿಮ್ಮನ್ನೇ ನೋಡುತ್ತಿದ್ದವರು ಈಗ ಎಲ್ಲೋ ನೋಡುತ್ತಿದ್ದಾರಾ? 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ಮೆಷಿನ್ ಸಾಲದೆ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಕೈಯಲ್ಲೇ ಬ್ಯಾಗ್ ಒತ್ತಿ ಮಕ್ಕಳನ್ನು ಉಸಿರಾಡಿಸಿದರು. ಅವರ ಬಳಿ ಸ್ಯಾಚುರೇಷನ್ ತೋರಿಸುವ ಮಾನಿಟರ್ ಎಲ್ಲಿತ್ತು?

ಅಂಕಿಯ ಗಡಿಗಳೂ ನೆನಪಿರಲಿ. ಉಸಿರು ನಿಮಿಷಕ್ಕೆ 35 ದಾಟಿ ಐದು ನಿಮಿಷ ಹಾಗೇ ಇದ್ದರೆ, ಸ್ಯಾಚುರೇಷನ್ 90ಕ್ಕಿಂತ ಇಳಿದರೆ, ನಾಡಿ 140 ದಾಟಿದರೆ, ಮೇಲಿನ ಬಿಪಿ 180 ದಾಟಿದರೆ ಅಥವಾ 90ಕ್ಕಿಂತ ಇಳಿದರೆ ಪರೀಕ್ಷೆ ನಿಲ್ಲಿಸಿ ಡಾಕ್ಟರನ್ನು ಕರೆಯಿರಿ. ಸೋತರೆ ಆವತ್ತೇ ಮತ್ತೆ ಮಾಡಿಸಬೇಡಿ. ಸುಸ್ತಾದ ಸ್ನಾಯುವಿಗೆ ಒಂದು ಹಗಲು, ಒಂದು ರಾತ್ರಿ ಬಿಡುವು ಬೇಕು. ಮನೆಯವರಿಗೆ ‘ಫೇಲ್ ಆಯ್ತು’ ಅನ್ನಬೇಡಿ. ‘ಇವತ್ತು ಇಪ್ಪತ್ತು ನಿಮಿಷ ಸ್ವಂತ ಉಸಿರಾಡಿದ್ರು, ನಾಳೆ ಮತ್ತೆ ನೋಡ್ತೀವಿ’ ಅನ್ನಿ. ಅದು ಸುಳ್ಳೂ ಅಲ್ಲ.

ಪೈಪ್ ಹೊರಗೆ

ಪರೀಕ್ಷೆ ಗೆದ್ದ ಮಾತ್ರಕ್ಕೆ ಪೈಪ್ ತೆಗೆಯುವಂತಿಲ್ಲ. ಕೆಮ್ಮಲು ಬಲ ಇದೆಯಾ, ಹೇಳಿದ ಮಾತು ತಿಳಿಯುತ್ತದಾ, ಗಂಟೆಗೆ ಎಷ್ಟು ಸಲ ಕಫ ತೆಗೆಯಬೇಕಾಗಿದೆ, ಇವನ್ನು ಡಾಕ್ಟರ್ ಕೇಳುತ್ತಾರೆ. ಉತ್ತರ ಗೊತ್ತಿರುವುದು ನಿಮಗೆ. ಗಂಟಲು ಊದಿರುವ ಅನುಮಾನ ಇದ್ದರೆ ಬಲೂನ್ ಇಳಿಸಿ ಪೈಪಿನ ಸುತ್ತ ಗಾಳಿ ಸೋರುತ್ತದೆಯಾ ಅಂತ ನೋಡುತ್ತಾರೆ. ಸೋರದಿದ್ದರೆ ಸ್ಟೀರಾಯ್ಡ್ ಕೊಟ್ಟು ಕನಿಷ್ಠ 4 ಗಂಟೆ ಕಾಯುವುದುಂಟು. ಹೊಟ್ಟೆಗೆ ಬಿಡುವ ಗಂಜಿಯನ್ನು ಡಾಕ್ಟರ್ ಹೇಳಿದಷ್ಟು ಗಂಟೆ ಮುಂಚೆ ನಿಲ್ಲಿಸಿ.

ಕೈಯಲ್ಲಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್, ಸಕ್ಷನ್, ಆಕ್ಸಿಜನ್ ಮಾಸ್ಕ್, ಮತ್ತೆ ಪೈಪ್ ಹಾಕಬೇಕಾದರೆ ಗಂಟಲೊಳಗೆ ನೋಡಲು ಬೇಕಾಗುವ ಲ್ಯಾರಿಂಗೋಸ್ಕೋಪ್, ಹೊಸ ಟ್ಯೂಬ್, ಎಲ್ಲಾ ಕೈಗೆಟಕುವಲ್ಲಿರಲಿ. ಲ್ಯಾರಿಂಗೋಸ್ಕೋಪಿನ ಬಲ್ಬ್ ಹತ್ತುತ್ತದಾ ನೋಡಿ. ರೋಗಿಯನ್ನು ಎತ್ತರಿಸಿ ಕೂರಿಸಿ. ಪೈಪ್ ಒಳಗೆ, ಬಾಯೊಳಗೆ, ಬಲೂನಿನ ಮೇಲೆ ನಿಂತ ಜೊಲ್ಲನ್ನೆಲ್ಲ ತೆಗೆಯಿರಿ. ‘ದೊಡ್ಡದಾಗಿ ಉಸಿರು ಎಳ್ಕೊಳ್ಳಿ’ ಅನ್ನಿ, ಬಲೂನ್ ಪೂರ್ತಿ ಇಳಿಸಿ, ಉಸಿರು ತುಂಬಿದಾಗ ಪೈಪ್ ಎಳೆಯಿರಿ, ‘ಕೆಮ್ಮಿ’ ಅನ್ನಿ. ಮಾಸ್ಕ್ ಹಾಕಿ.

ಆಮೇಲೆ ಮಾತಾಡಿಸಿ, ದನಿ ಕೇಳಬೇಕು. ನಮ್ಮ ರೈತರಿಗೆ ‘ಹೆಸರೇನಣ್ಣಾ?’ ಅಂದೆ. ಹೆಸರು ಹೇಳಲಿಲ್ಲ. ಗೊಗ್ಗರು ದನಿಯಲ್ಲಿ, ‘ಎಮ್ಮೆ ಕರ ಹಾಕ್ತಾ?’ ಅಂದರು.

ಮುಂದಿನ ಎರಡು ರಾತ್ರಿ

ಗೊಗ್ಗರು ದನಿಗೆ ಹೆದರಬೇಡಿ, ಎರಡು ಮೂರು ದಿನದಲ್ಲಿ ತಿಳಿಯಾಗುತ್ತದೆ. ಉಸಿರು ಎಳೆಯುವಾಗ ಶಿಳ್ಳೆಯಂಥ ಸದ್ದು ಬಂದರೆ ಮಾತ್ರ ಕ್ಷಣ ತಡ ಮಾಡದೆ ಡಾಕ್ಟರನ್ನು ಕರೆಯಿರಿ. ಅದು ಗಂಟಲು ಊದಿರುವ ಸದ್ದು, ಅಡ್ರಿನಲಿನ್ ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನಲ್ಲಿ ಕೊಡುವ ನೆಬ್ಯುಲೈಸೇಷನ್ ಬೇಕಾಗಬಹುದು. ಹಳೆಯ ಬೀಡಿ ಸೇದುವವರ ಶ್ವಾಸಕೋಶವಾದರೆ ಪೈಪ್ ತೆಗೆದ ಕೂಡಲೇ ಪೈಪ್ ಇಲ್ಲದೆ ಬಿಗಿ ಮಾಸ್ಕಿನಿಂದಲೇ ಮೆಷಿನ್ ಉಸಿರಿಗೆ ಸಹಾಯ ಮಾಡುವ ಎನ್‌ಐವಿಗೆ ಹಾಕುತ್ತಾರೆ, ಕಷ್ಟ ಬರಲಿ ಅಂತ ಕಾಯುವುದಿಲ್ಲ.

ನೀರು ಕೊಡುವ ಅವಸರ ಬೇಡ. ಮನೆಯವರು ಎಳನೀರು ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ. ಇಷ್ಟು ದಿನ ಪೈಪ್ ಇದ್ದ ಗಂಟಲು ನುಂಗುವುದನ್ನು ಮರೆತಿರಬಹುದು, ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಡಾಕ್ಟರ್ ಹೇಳಿದ ಮೇಲೆ, ನೇರ ಕೂರಿಸಿ, ಒಂದೇ ಚಮಚ ಕೊಡಿ. ಕೆಮ್ಮು ಬಂತಾ, ದನಿ ನೀರಲ್ಲಿ ಗೊಳಗೊಳ ಅಂದಂತಾಯಿತಾ ನೋಡಿ. ಹಾಗಾದರೆ ನಿಲ್ಲಿಸಿ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ತುಟಿ ಒರೆಸುತ್ತಿರಿ.

ನೂರರಲ್ಲಿ ಹತ್ತರಿಂದ ಇಪ್ಪತ್ತು ಜನಕ್ಕೆ ಮತ್ತೆ ಪೈಪ್ ಹಾಕಬೇಕಾಗುತ್ತದೆ, ಹೆಚ್ಚಾಗಿ 48ರಿಂದ 72 ಗಂಟೆಯೊಳಗೆ. ಹಾಗಾಗಿ ಮುಂದಿನ ಪಾಳಿಗೆ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ‘ಸ್ಟೇಬಲ್’ ಅಂತ ಒಂದೇ ಪದ ಬರೆದು ಮನೆಗೆ ಹೋಗಬೇಡಿ. ಉಸಿರು ಎಷ್ಟು, ಕೆಮ್ಮಿ ಕಫ ತೆಗೆಯುತ್ತಿದ್ದಾರಾ, ಹೊಟ್ಟೆ ಹೇಗೆ ಆಡುತ್ತಿದೆ, ಬರೆಯಿರಿ. ರಾತ್ರಿ ಪಾಳಿಯವಳನ್ನು ಮಂಚದ ಹತ್ತಿರ ಕರೆದುಕೊಂಡು ಹೋಗಿ, ಹೊದಿಕೆ ಸರಿಸಿ, ಇಬ್ಬರೂ ಒಂದು ನಿಮಿಷ ನಿಂತು ನೋಡಿ. ಆಮೇಲೆ ಬ್ಯಾಗ್ ತಗೊಳ್ಳಿ.